ಬೀರು ತುಂಬೈತೆ

ಮೊನ್ನೆ ಪಕ್ಕದ ಮನೆಯ ಸರೋಜಮ್ಮನವರ ಸ್ಟೀಲ್ ಡಬ್ಬಿ ವಾಪಸ್ ಕೊಡಲು ಹೊರಟಿದ್ದೆ. ಹಬ್ಬಕ್ಕೆಂದು ಅದರಲ್ಲಿ ಕರಿಗಡುಬು ಕಳಿಸಿದ್ದರು. ಗಡುಬು ನಮ್ಮ ಮನೆಯಲ್ಲಿ ಉಳಿದದ್ದು ಅರ್ಧ ಗಂಟೆ, ಡಬ್ಬಿ ಉಳಿದದ್ದು ಹದಿನೈದು ದಿನ. ತೊಳೆದು ಒರೆಸಿ ಬಾಗಿಲವರೆಗೆ ಹೋದವಳು ತಿರುಗಿ ಅಡುಗೆಮನೆಗೆ ಬಂದು ಅದಕ್ಕೊಂದು ಹಿಡಿ ಸಕ್ಕರೆ ಸುರಿದೆ. ಪೇಪರ್ ಓದುತ್ತಿದ್ದ ನಮ್ಮ ಮನೆಯವರು ಕನ್ನಡಕದ ಮೇಲಿಂದ ನೋಡಿ, "ಯಾಕೆ, ಅವರ ಮನೇಲಿ ಸಕ್ಕರೆ ಇಲ್ಲವಂತಾ?" ಎಂದರು. ಇಷ್ಟು ವರ್ಷ ಸಂಸಾರ ಮಾಡಿಯೂ ಇವರಿಗೆ ತಿಳಿಯದ ವಿಷಯಗಳನ್ನು ಹೇಳಿಕೊಡುವ ಕೆಲಸವನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಡಬ್ಬಿಯಿರಲಿ, ಮೊರವಿರಲಿ, ಹೆಪ್ಪು ಇಸಿದುಕೊಂಡ ಲೋಟವಿರಲಿ, ಬರಿದಾಗಿ ಹಿಂದಕ್ಕೆ ಕೊಡಬಾರದು. ನಿಮ್ಮ ಮನೆಯಲ್ಲೂ ಹೀಗೇ ಇದ್ದೀತು. ನಮ್ಮಮ್ಮನಿಗಂತೂ 'ಖಾಲಿ' ಎಂಬ ಪದವೇ ಆಗಿಬರುತ್ತಿರಲಿಲ್ಲ. ಅಕ್ಕಿ ಮುಗಿದರೆ, "ಅಕ್ಕಿ ತುಂಬೈತೆ, ಅಂಗಡಿಗೆ ಹೋಗಿ ಬಾ" ಎನ್ನುತ್ತಿದ್ದಳು. ಚಿಕ್ಕವಳಿದ್ದಾಗ ಒಮ್ಮೆ ನಾನು, ತುಂಬಿದ ಮೇಲೆ ಅಂಗಡಿಗೆ ಯಾಕೆ ಹೋಗಬೇಕು ಎಂದು ನನ್ನಷ್ಟಕ್ಕೇ ತೀರ್ಮಾನಿಸಿ ಕುಂಟೆಬಿಲ್ಲೆ ಆಡಲು ಹೋಗಿಬಿಟ್ಟೆ. ಅವತ್ತು ಮನೆಮಂದಿಯೆಲ್ಲ ಊಟಕ್ಕೆ ಅವಲಕ್ಕಿ ತಿಂದರು. ನಾನು ಅವಲಕ್ಕಿಯ ಜೊತೆಗೆ ಬೈಗುಳವನ್ನೂ ತಿಂದೆ. ತುಂಬಿದೆ ಎಂದರೆ ಏನೂ ಉಳಿದಿಲ್ಲ ಎಂದು ಅರ್ಥ, ಮನೆಯಲ್ಲಿ ಇಲ್ಲವೆನ್ನುವ ಮಾತು ಆಡಬಾರದು ಎಂದು ಹೀಗೆ ಕಲಿತವಳು ನಾನು. ಆಮೇಲೆ ದೊಡ್ಡವಳಾಗಿ ಲೈಬ್ರರಿ ಸೈನ್ಸ್ ಓದಿ ಅದನ್ನು ಪೂರ್ತಿ ಮರೆತೆ. ಮರೆತದ್ದಕ್ಕೆ ಒಂದಿಡೀ ಬೀರು ನನ್ನ ಕೈತಪ್ಪಿ ಹೋಗುವುದರಲ್ಲಿತ್ತು.

ಬೀರು ಎಂದೆನಲ್ಲ, ಅದು ನನ್ನದಲ್ಲ, ಸರ್ಕಾರದ್ದು. ತೊಂಬತ್ತರ ದಶಕದ ಶುರುವಿನಲ್ಲಿ ಹೊಳಲ್ಕೆರೆಯ ಗ್ರಂಥಾಲಯದಲ್ಲಿ ನನಗೆ ಕೆಲಸವಾಯಿತು. ಚಿತ್ರದುರ್ಗದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಎರಡೇ ಕೋಣೆಯ ಗ್ರಂಥಾಲಯ. ಮುಂದಿನ ಕೋಣೆಯಲ್ಲಿ ಹಿರಿಯರು ಪತ್ರಿಕೆ ಓದುತ್ತ, ಓದುತ್ತ ನಿದ್ದೆ ಮಾಡುತ್ತ ಇರುತ್ತಿದ್ದರು. ಹಿಂದಿನ ಕೋಣೆಯ ಮೂಲೆಯಲ್ಲಿ ಒಂದು ಹಸಿರು ಕಬ್ಬಿಣದ ಬೀರು. ಅದರ ಬಾಗಿಲು ತೆಗೆದರೆ ಥೇಟ್ ಕುರಿ ಕೂಗಿದ ಹಾಗೆ ಸದ್ದು ಬರುತ್ತಿತ್ತು. ಆ ಬೀರುವೇ ನಮ್ಮ ಮಕ್ಕಳ ವಿಭಾಗ.

ಹೊಸ ಹುರುಪಿನಲ್ಲಿ ನಾನು ಒಂದು ವಾರ ಕೂತು ಪುಸ್ತಕಗಳಿಗೆಲ್ಲ ವಿಷಯವಾರು ನಂಬರು ಹಾಕಿ ಜೋಡಿಸಿದೆ. ನಮ್ಮ ಅಟೆಂಡರ್ ರುದ್ರಪ್ಪ ಚಿಕ್ಕಜಾಜೂರಿನವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರು ಬೀಡಿ ಆರಿಸಿ ಒಳಗೆ ಬಂದು ನೋಡಿ, "ಚೆನ್ನಾಗೈತೆ ಮೇಡಮ್ಮ. ಆದ್ರೆ ನಮ್ ಹುಡುಗ್ರಿಗೆ ಮೂರೇ ನಂಬರು. ಹರಿದದ್ದು, ಹರಿತಾ ಇರೋದು, ಇನ್ನೂ ಹರಿಬೇಕಾದ್ದು" ಎಂದರು. ಮೊದಲ ಭಾನುವಾರವೇ ನನ್ನ ನಂಬರುಗಳೆಲ್ಲ ಕಲಸಿಹೋದವು. ಹರಿದದ್ದನ್ನೇ ಮಕ್ಕಳು ಕಿತ್ತಾಡಿ ಒಯ್ಯುತ್ತಿದ್ದರು. ಯಾರೂ ಹರಿಯದ ಪುಸ್ತಕದಲ್ಲಿ ಏನೋ ಊನವಿದೆ ಎಂದು ಅವರಿಗೆ ಹೇಗೋ ಗೊತ್ತಾಗುತ್ತಿತ್ತು.

ಹೊಸ ಪುಸ್ತಕ ಬರುವುದು ಮಳೆ ಬಂದ ಹಾಗೆ, ಬಂದರೆ ಬಂತು. ಒಂದು ವರ್ಷ ಅನುದಾನ ಬಂದು ಎರಡು ಕಟ್ಟು ಇಳಿಯುತ್ತಿತ್ತು, ಇನ್ನೆರಡು ವರ್ಷ ಏನೂ ಇಲ್ಲ. ಬಂದ ಕಟ್ಟಿನಲ್ಲಿ ಏನಿದೆ ಎನ್ನುವುದು ಬಿಚ್ಚಿದ ಮೇಲೆಯೇ ತಿಳಿಯುವುದು. ಒಮ್ಮೆ ಮಕ್ಕಳ ಕಟ್ಟು ಎಂದು ಬಂದದ್ದನ್ನು ಹುಡುಗರನ್ನೆಲ್ಲ ಸುತ್ತ ಕೂರಿಸಿಕೊಂಡು ಸಂಭ್ರಮದಿಂದ ಬಿಚ್ಚಿದೆ. ಒಳಗಿದ್ದದ್ದು ಮನೆಯಲ್ಲೇ ಬಟ್ಟೆ ಸೋಪು ಮಾಡುವುದು ಹೇಗೆಂದು ಹೇಳುವ ಒಂದೇ ಪುಸ್ತಕದ ಹನ್ನೊಂದು ಪ್ರತಿ. ಹುಡುಗರು ನನ್ನ ಮುಖ ನೋಡಿದರು, ನಾನು ರುದ್ರಪ್ಪನವರ ಮುಖ ನೋಡಿದೆ. "ಇರ್ಲಿ ಬಿಡ್ರಿ ಮೇಡಮ್ಮ, ಓದಿದ ಹುಡುಗ್ರು ಅಂಗಿನಾದ್ರೂ ತೊಳ್ಕಂತಾವೆ" ಎಂದರು ಅವರು.

ಪುಸ್ತಕ ಒಯ್ಯುವುದು ಮಕ್ಕಳಾದರೂ ಹಿಂದಕ್ಕೆ ಕಳಿಸುವುದು ಮನೆಯ ಹೆಂಗಸರು. ಅಲ್ಲಿ ನನಗೊಂದು ಹೊಸ ಪಾಠ ಕಾದಿತ್ತು. ವಾಪಸ್ ಬಂದ ಪುಸ್ತಕ ಬಿಡಿಸಿದರೆ ಒಳಗಿನಿಂದ ಏನಾದರೊಂದು ಬೀಳುತ್ತಿತ್ತು. ನಾಲ್ಕು ಶೇಂಗಾ ಬೀಜ, ಹುಣಸೆ ಬೀಜ, ದಾಸವಾಳದ ಎಸಳು, ನವಿಲುಗರಿಯ ಎಳೆ, ದೇವರ ಅರಿಸಿನ, ಸಣ್ಣ ಬೆಲ್ಲದ ಚೂರು. ಮಕ್ಕಳು ಮರೆತು ಬಿಟ್ಟದ್ದು ಎಂದುಕೊಂಡು ಮೊದಮೊದಲು ಎತ್ತಿಟ್ಟು ಹಿಂದಕ್ಕೆ ಕೊಡಹೋದೆ. "ಮಿಸ್, ಅದು ನಿಮಗೆ. ಬರೇ ಪುಸ್ತಕ ಕೊಡಬಾರ್ದಂತೆ, ಅವ್ವ ಇಟ್ಟಾಳೆ" ಎಂದಿತು ಒಂದು ಪುಟ್ಟ ಹುಡುಗಿ. ಪುಸ್ತಕಗಳು ಆ ಮನೆಗಳಲ್ಲಿ ಪಾತ್ರೆಪಡಗದ ಪಟ್ಟಿಗೆ ಸೇರಿಹೋಗಿದ್ದವು. ರುದ್ರಪ್ಪನವರಂತೂ ಪುಸ್ತಕ ಮೂಸಿಯೇ ಅದು ಯಾವ ಓಣಿಗೆ ಹೋಗಿ ಬಂತೆಂದು ಹೇಳುತ್ತಿದ್ದರು. ಒಗ್ಗರಣೆ ವಾಸನೆಯಾದರೆ ಇಂಥವರ ಮನೆ, ಕೊಟ್ಟಿಗೆ ವಾಸನೆಯಾದರೆ ಇಂಥವರದು. ಆ ವಿದ್ಯೆಯನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

ಇವರಲ್ಲೆಲ್ಲ ಗಂಗಜ್ಜಿಯದೇ ಒಂದು ತೂಕ. ಊರಾಚೆಯ ಹಟ್ಟಿಯವಳು, ಕುರಿ ಸಾಕುವ ಮನೆತನ. ಮೊಮ್ಮಗಳು ರೇಣುಕ ನಾಲ್ಕನೇ ಕ್ಲಾಸು. ಅವಳು ಶಾಲೆಯಲ್ಲಿರುವಾಗ ಸಂತೆಗೆಂದು ಬಂದ ಗಂಗಜ್ಜಿಯೇ ಪುಸ್ತಕ ಬದಲಾಯಿಸಿಕೊಂಡು ಹೋಗುತ್ತಿದ್ದಳು. ಅಕ್ಷರ ಬಾರದು, ಆದರೆ ಆಯ್ಕೆ ಬಲು ಬಿಗಿ. ನೆಲದ ಮೇಲೆ ಕೂತು ಒಂದೊಂದೇ ಪುಸ್ತಕದ ಚಿತ್ರ ನೋಡಿ, "ಪ್ರಾಣಿ ಇರೋದು ಕೊಡವ್ವ. ಆದ್ರೆ ತೋಳ ಇರೋದು ಬ್ಯಾಡ" ಎನ್ನುತ್ತಿದ್ದಳು.

"ಕಥೇಲಿ ಇರೋ ತೋಳ ಏನು ಮಾಡುತ್ತಜ್ಜಿ?"

"ಏನ್ ಮಾಡ್ತೈತೋ ನಿಂಗೇನ್ ಗೊತ್ತು? ಹೆಸರೆತ್ತಿದ್ರೆ ಸಾಕು, ಮಂದೆ ತಾವ ಬಂದು ನಿಂತ್ಕಂತೈತೆ. ರಾತ್ರಿ ಮಂದೆ ಕಾಯೋರು ನಾವು, ನೀನಲ್ಲ."

ಮಕ್ಕಳ ಕಥೆಗಳಲ್ಲಿ ತೋಳ ಎಷ್ಟು ಸಲ ಬರುತ್ತದೆ ಎನ್ನುವುದು ತೋಳವಿಲ್ಲದ ಕಥೆ ಹುಡುಕುವವರಿಗೇ ಗೊತ್ತು. ಮಧ್ಯಾಹ್ನದ ಹೊತ್ತು ನಾನು ಬೀರುವಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಗಂಗಜ್ಜಿಗಾಗಿ ತೋಳ ಹುಡುಕುತ್ತಿದ್ದೆ. ಆದರೂ ಒಂದು ಸಲ ಕೈ ತಪ್ಪಿತು. ಮುಖಪುಟದಲ್ಲಿ ಮೊಲವಿತ್ತು, ತೋಳ ಹದಿನಾರನೇ ಪುಟದಲ್ಲಿ ಅಡಗಿತ್ತು. ಆ ಪುಸ್ತಕ ವಾಪಸ್ ಬರಲೇ ಇಲ್ಲ. ಕೇಳಿದಾಗಲೆಲ್ಲ ಗಂಗಜ್ಜಿ, "ಐತೆ ಬಿಡವ್ವ, ಎಲ್ಲೂ ಹೋಗಿಲ್ಲ" ಎಂದು ಬೇರೆ ಮಾತು ತೆಗೆಯುತ್ತಿದ್ದಳು. ಉಳಿದ ಪುಸ್ತಕಗಳನ್ನು ಮಾತ್ರ ತಪ್ಪದೆ ತಂದುಕೊಡುತ್ತಿದ್ದಳು. ಓದು ನಿಲ್ಲಿಸಿದ ಕಡೆಯಲ್ಲಿ ಗುರುತಿಗೆ ಕಂಬಳಿಯ ಉಣ್ಣೆ ಎಳೆ, ಕೊನೆಯ ಪುಟದಲ್ಲಿ ಮರ್ಯಾದೆಗೆ ಹುರಿದ ಶೇಂಗಾ.

ಹೀಗೆ ಏಳೆಂಟು ವರ್ಷ ನಡೆಯಿತು. ರೇಣುಕ ದೊಡ್ಡವಳಾದ ಮೇಲೆ ಗಂಗಜ್ಜಿಗೆ ಚಿಕ್ಕ ಮೊಮ್ಮಕ್ಕಳು ಓದಿಹೇಳುವಂತಾದರು. ಅಷ್ಟರಲ್ಲಿ ಊರು ಬದಲಾಗತೊಡಗಿತ್ತು. ಮನೆಮನೆಗೆ ಕೇಬಲ್ ಬಂದು ಭಾನುವಾರ ಬೆಳಿಗ್ಗೆಯ ನಮ್ಮ ಹುಡುಗರನ್ನು ಟೀವಿ ಎಳೆದುಕೊಂಡಿತು. ಕಾನ್ವೆಂಟಿಗೆ ಹಾಕಿದವರು ಬಂದು, "ಇಂಗ್ಲಿಷ್ ರೈಮ್ಸ್ ಐತೇನ್ರಿ?" ಎಂದು ಕೇಳಿ, ಇಲ್ಲವೆಂದರೆ ಬೀರುವಿನ ಕಡೆ ತಿರುಗಿಯೂ ನೋಡದೆ ಹೋಗುತ್ತಿದ್ದರು. ಕೆಲಸದ ಪರೀಕ್ಷೆಗೆ ಓದುವ ಯುವಕರು ಬೆಳಿಗ್ಗೆಯೇ ಬಂದು ಕುರ್ಚಿ ಹಿಡಿಯುತ್ತಿದ್ದರು. ಅವರ ಪುಸ್ತಕಕ್ಕೆ ಜಾಗವಿರಲಿಲ್ಲ. ಅವರದು ತಪ್ಪು ಎನ್ನಲಾರೆ, ಅವರಿಗೂ ಜೀವನವಿದೆಯಲ್ಲ.

ಆಗ ಚಿತ್ರದುರ್ಗದ ಜಿಲ್ಲಾ ಗ್ರಂಥಾಲಯದ ಕಚೇರಿಯಿಂದ ಕಾಗದ ಬಂತು. ಮಕ್ಕಳ ಓದು ಇಳಿಮುಖವಾಗಿರುವುದರಿಂದ ಆ ಬೀರುವನ್ನು ಪರೀಕ್ಷೆಯ ಪುಸ್ತಕಗಳಿಗೆ ಬಿಟ್ಟುಕೊಡುವ ವಿಚಾರವಿದೆ, ಮುಂದಿನ ತಿಂಗಳು ಸಾಹೇಬರು ಬಂದು ನೋಡಿ ತೀರ್ಮಾನಿಸುತ್ತಾರೆ, ಬಿಟ್ಟುಕೊಡುವುದಾದರೆ ಮಕ್ಕಳ ಪುಸ್ತಕಗಳನ್ನು ಮೂಟೆ ಕಟ್ಟಿ ಕಳಿಸತಕ್ಕದ್ದು. ಮೂಟೆ ಎಂಬ ಮಾತು ಓದಿ ನನಗೆ ಅಳುವೇ ಬಂತು. ಸುಳ್ಳೇಕೆ ಹೇಳಲಿ, ಅಳುತ್ತಲೇ ಬಸ್ಸಿನಲ್ಲಿ ಮನೆಗೆ ಬಂದೆ. ಪಕ್ಕದಲ್ಲಿ ಕೂತ ಹೆಂಗಸು ಯಾರೋ ತೀರಿಕೊಂಡಿದ್ದಾರೆಂದು ತಿಳಿದು ನನ್ನ ಬೆನ್ನು ಸವರಿದಳು.

ಬೀರು ಉಳಿಯಬೇಕಾದರೆ ಸಾಹೇಬರ ಕಣ್ಣಿಗೆ ಅದು ಚೊಕ್ಕಟವಾಗಿ ಕಾಣಬೇಕು ಎಂದು ನಾನು ಲೆಕ್ಕ ಹಾಕಿದೆ. ಆದರೆ ಬೆಲ್ಲ ಶೇಂಗಾಗಳ ದೆಸೆಯಿಂದ ಬೀರುವಿನ ತುಂಬ ಇರುವೆ. ಉಣ್ಣೆಯ ಎಳೆಗೆ ಹುಳ ಬೇರೆ. ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಬೀರುವಿಗೆ ಅಂಟಿಸಿದೆ: 'ಪುಸ್ತಕಗಳನ್ನು ಖಾಲಿಯಾಗಿಯೇ ಹಿಂದಿರುಗಿಸತಕ್ಕದ್ದು.' ನನ್ನ ಅಕ್ಷರ ಮೊದಲಿನಿಂದಲೂ ದುಂಡಗೆ. ದೂರ ನಿಂತು ನೋಡಿ ಮೆಚ್ಚಿಕೊಂಡೆ ಕೂಡ. ರುದ್ರಪ್ಪ ಓದಿ ತಲೆ ಕೆರೆದುಕೊಂಡರು.

ಆ ವಾರದಲ್ಲೇ ಹೊರಗಿದ್ದ ಪುಸ್ತಕಗಳೆಲ್ಲ ವಾಪಸ್ ಬಂದವು, ತೋಳದ್ದೊಂದು ಬಿಟ್ಟು. ಬಂದ ಮಕ್ಕಳು ಪುಸ್ತಕವನ್ನು ಮೇಜಿನ ಮೇಲಿಟ್ಟು, ಇನ್ನೊಂದು ಕೇಳದೆ ಓಡಿಹೋದವು. ಎರಡು ವಾರ ಒಂದು ಪುಸ್ತಕವೂ ಹೊರಗೆ ಹೋಗಲಿಲ್ಲ. ಇರುವೆಯೂ ಇಲ್ಲ, ಮಕ್ಕಳೂ ಇಲ್ಲ. ಬೀರು ಒಪ್ಪವಾಗಿ, ನನ್ನ ನಂಬರಿನ ಪ್ರಕಾರವೇ, ಒಂದು ಪುಸ್ತಕವೂ ಅಲುಗದೆ ನಿಂತಿತ್ತು. ಹಾಗೆ ನಿಂತ ಬೀರುವನ್ನು ನೋಡಿದರೆ ಸಾಹೇಬರಿಗೆ ತೀರ್ಮಾನ ಮಾಡಲು ಐದು ನಿಮಿಷವೂ ಬೇಡ.

ಸಂತೆಯ ದಿನ ಗಂಗಜ್ಜಿಯನ್ನು ಹುಡುಕಿಕೊಂಡು ನಾನೇ ಹೋದೆ. ಮೆಣಸಿನಕಾಯಿ ರಾಶಿಯ ಪಕ್ಕ ಕೂತಿದ್ದಳು. ನನ್ನನ್ನು ಕಂಡವಳೇ ಮುಖ ಆ ಕಡೆ ತಿರುಗಿಸಿದಳು.

"ಯಾಕಜ್ಜಿ, ಪುಸ್ತಕಕ್ಕೆ ಬರಲೇ ಇಲ್ಲ?"

"ಹೆಂಗ್ ಬರ್ಲವ್ವ? ಖಾಲಿ ಕೊಡ್ರಿ ಅಂತ ಬರ್ದು ನೇತಾಕೀಯಂತೆ. ಮೊಮ್ಮಗ ಓದಿ ಹೇಳ್ದ. ಸರ್ಕಾರ್ದೋರು ಆ ಮಾತು ಆಡ್ಬೋದು, ನಾವು ಸಂಸಾರಸ್ಥರು ಖಾಲಿ ಕೊಡಾಕಾಗ್ತೈತಾ? ಕೊಡಾಕಾಗದ ಮ್ಯಾಲೆ ಇಸ್ಕಳ್ಳಾದ್ಯಾಕೆ?"

"ಇರುವೆ ಬರುತ್ತಜ್ಜಿ ಅದಕ್ಕೆ..."

"ಇರುವೆಗೆ ಒಂದ್ ಮಾತು ಹೇಳಿದ್ರೆ ಬೆಲ್ಲ ಬಿಟ್ಟು ಕಲ್ಲುಸಕ್ರೆ... ಅದೂ ಬ್ಯಾಡ, ಹೂವಾದ್ರೂ ಇಡ್ತಿದ್ವಿ." ಆಮೇಲೆ ದನಿ ತಗ್ಗಿಸಿದಳು. "ನಾವು ಇಕ್ಕಿದ್ದು ನಿಂಗೆ ತಿನ್ನಾಕಲ್ಲ ತಾಯಿ. ನಿನ್ ಬೀರು ಬರಿದಾಗಬಾರ್ದು ಅಂತ."

ಸಂತೆಯ ಗದ್ದಲದ ನಡುವೆ ನನಗೆ ನಮ್ಮಮ್ಮನ ಅಕ್ಕಿ ಡಬ್ಬ ನೆನಪಾಯಿತು. ನಾನು ಯಾರ ಮಗಳು, ಯಾವ ಊರಿನವಳು ಎನ್ನುವುದನ್ನೇ ಮರೆತು ರಟ್ಟಿನ ಮೇಲೆ ಬರೆದಿದ್ದೆ. ಬಹಳ ನಾಚಿಕೆಯಾಯಿತು. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಸಾಹೇಬರು ಬರುವ ವಿಷಯ ಹೇಳಿ, "ತಪ್ಪಾಯ್ತಜ್ಜಿ" ಎಂದೆ. ಗಂಗಜ್ಜಿ ಒಂದು ಹಿಡಿ ಹಸಿ ಮೆಣಸಿನಕಾಯಿ ನನ್ನ ಚೀಲಕ್ಕೆ ಹಾಕಿ, "ಹೋಗು, ಮೊದ್ಲು ಅದನ್ನ ಕಿತ್ತಾಕು" ಎಂದಳು.

ಕಿತ್ತುಹಾಕಿದೆ. ರಟ್ಟಿನ ಹಿಂಬದಿಯಲ್ಲಿ ರುದ್ರಪ್ಪ ಹೇಳಿದಂತೆ ಬರೆದೆ: 'ಇರುವೆ ಹತ್ತದಂಥದ್ದನ್ನು ಇಡಿ.' ಸಂತೆಯಿಂದ ಸುದ್ದಿ ಹಟ್ಟಿಗೆ, ಹಟ್ಟಿಯಿಂದ ಓಣಿಗಳಿಗೆ ಹೋಯಿತು. ಮರುದಿನ ಶಾಲೆ ಬಿಟ್ಟ ಹೊತ್ತಿಗೆ ಬೀರು ಕುರಿಯಂತೆ ಕೂಗಲು ಶುರುಮಾಡಿದ್ದು ನಿಲ್ಲಿಸಲೇ ಇಲ್ಲ. ಎರಡು ವಾರ ಮಕ್ಕಳಿಗೆ ಓದಲು ಸಿಗದ ಹಸಿವೋ, ಮೇಡಮ್ಮನ ಬೀರುವಿಗೆ ಕುತ್ತು ಬಂದಿದೆಯೆಂದು ಗಂಗಜ್ಜಿ ಸಾರಿದಳೋ, ಒಬ್ಬೊಬ್ಬರು ಎರಡು ಮೂರು ಒಯ್ದರು. ನಾನೂ ಬೇಡವೆನ್ನಲಿಲ್ಲ.

ಹಾಗಾಗಿ ಸಾಹೇಬರು ಬಂದ ದಿನ ಏನಾಯಿತೆಂದರೆ, ಬೀರುವಿನ ಬಾಗಿಲು ತೆಗೆದರೆ ಒಳಗೆ ಸೋಪಿನ ಪುಸ್ತಕದ ಹನ್ನೊಂದು ಪ್ರತಿಗಳ ಹೊರತು ಏನೂ ಇರಲಿಲ್ಲ.

"ಏನಮ್ಮ ಇದು?" ಎಂದರು ಸಾಹೇಬರು. ಗಂಭೀರ ಮನುಷ್ಯ, ಕಿಸೆಯಲ್ಲಿ ಎರಡು ಪೆನ್ನು. "ಪುಸ್ತಕ ಎಲ್ಲಿ?"

ಮಕ್ಕಳು ಒಯ್ದಿದ್ದಾರೆ ಎಂದು ಹೇಳಬೇಕು, ನಾಲಿಗೆ ಏಳದು. ಬಂದ ಒಂದೇ ಒಂದು ಪದ 'ಖಾಲಿ'. ಅದನ್ನು ಈ ಬೀರುವಿನ ಮುಂದೆ ಮತ್ತೆ ಆಡುವ ಧೈರ್ಯ ನನಗಿರಲಿಲ್ಲ.

ಹಿಂದಿನಿಂದ ರುದ್ರಪ್ಪನವರ ದನಿ ಬಂತು. "ಬೀರು ತುಂಬೈತೆ ಸಾರ್."

ಸಾಹೇಬರು ಅವರತ್ತ ತಿರುಗಿದರು. ಬೀರುವಿನ ಬರಿದಾದ ಅರೆಗಳನ್ನು ನೋಡಿದರು. ಮತ್ತೆ ರುದ್ರಪ್ಪನವರನ್ನು ನೋಡಿದರು. ಇನ್ನೇನು ಬೈಗುಳ ಬಿತ್ತು ಎಂದು ನಾನು ಸೆರಗು ಬಿಗಿಹಿಡಿದೆ. ಅವರ ಮೀಸೆಯ ಕೆಳಗೆ ಸಣ್ಣಗೆ ನಗು ಹುಟ್ಟಿ, ಆಮೇಲೆ ಜೋರಾಯಿತು.

"ಯಾವೂರಪ್ಪ ನಿಂದು?"

"ಚಿಕ್ಕಜಾಜೂರು ಸಾರ್."

"ನಂದು ಶ್ರೀರಾಂಪುರದ ಕಡೆ ಕಣಯ್ಯ. ರಾಗಿ ಮುಗಿದಾಗೆಲ್ಲ ನಮ್ಮವ್ವ ಹಿಂಗೇ ಅನ್ನಾಳು. ತುಂಬೈತೆ ಹೋಗೋ ಅಂತ." ಅವರು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಆಗ ನನ್ನ ನಾಲಿಗೆಯೂ ಸಡಿಲವಾಗಿ, ಯಾವ ಪುಸ್ತಕ ಯಾವ ಮನೆಯಲ್ಲಿದೆ ಎಂದು ಬರೆದಿಟ್ಟ ಉದ್ದನೆಯ ನೋಟ್‌ಬುಕ್ ತಂದು ಮುಂದಿಟ್ಟೆ. ರಟ್ಟಿನ ಕಥೆಯನ್ನೂ ಬಿಡದೆ ಹೇಳಿದೆ. ಸಾಹೇಬರು ಪುಟ ತಿರುವುತ್ತ ಕೇಳಿಸಿಕೊಂಡು, 'ಮಕ್ಕಳ ಬೀರು ಬಳಕೆಯಲ್ಲಿದೆ, ಇಲ್ಲಿಯೇ ಮುಂದುವರಿಯುವುದು' ಎಂದು ಬರೆದರು. ಏಳುವಾಗ ಮಾತ್ರ, "ಹೊಸ ಪುಸ್ತಕ ಕೇಳಬೇಡಿ ಮತ್ತೆ. ಅನುದಾನವೂ ತುಂಬೈತೆ" ಎಂದರು.

ಆಮೇಲೆ ಅನುದಾನ ಬಂದ ವರ್ಷವೂ ಉಂಟು, ಬಾರದ ವರ್ಷವೂ ಉಂಟು. ಪುಸ್ತಕದೊಳಗಿನ ಸಾಮಾನು ಬದಲಾಗುತ್ತ ಹೋಯಿತು. ಶೇಂಗಾ ಹೋಗಿ ಹೂವಾಯಿತು, ಹೂವು ಹೋಗಿ ಬಬಲ್‌ಗಮ್ಮಿನ ಜೊತೆ ಸಿಗುವ ಕ್ರಿಕೆಟ್ ಆಟಗಾರರ ಚಿತ್ರ, ಹೊಳೆಯುವ ಸ್ಟಿಕ್ಕರು. ಎರಡು ಸಾವಿರದ ಈಚೆಗೆ ಏನೂ ಇಲ್ಲದೆ ಬರುವ ಪುಸ್ತಕಗಳೂ ಹೆಚ್ಚಿದವು. ಟ್ಯೂಷನ್ನಿಗೆ ಓಡುವ ಮಕ್ಕಳು ತಾವೇ ತಂದು ಬಿಸಾಡಿ ಹೋಗುತ್ತಿದ್ದರು, ಅಡುಗೆಮನೆಗೆ ಪುಸ್ತಕ ಹೋಗುವುದು ನಿಂತಿತ್ತು. ಆದರೂ ಪ್ರತಿಯೊಂದನ್ನೂ ಒಮ್ಮೆ ಕೊಡವಿ ನೋಡುವ ಚಾಳಿ ನನಗೆ ಹೋಗಲಿಲ್ಲ. ನಾನೇನು ಆಸೆಬುರುಕಿಯೇ ಎಂದು ನನ್ನನ್ನೇ ಕೇಳಿಕೊಂಡು ನಗುತ್ತಿದ್ದೆ.

ಕೆಲವು ವರ್ಷದ ಮೇಲೆ ಹಿರಿಯೂರಿಗೆ ನನಗೆ ವರ್ಗವಾಯಿತು. ಬೀರುವನ್ನು ಹೊಸಬರಿಗೆ ಒಪ್ಪಿಸುವಾಗ ಎಲ್ಲವೂ ಸರಿಹೋಗಿ ಒಂದು ಪುಸ್ತಕ ಮಾತ್ರ ಇಲ್ಲ, ತೋಳದ್ದು. ಕಡೆಯ ದಿನ ಸಂಜೆ ಬಸ್ ಸ್ಟ್ಯಾಂಡಿಗೆ ಹೊರಡಬೇಕು, ಗಂಗಜ್ಜಿ ಏದುಸಿರು ಬಿಡುತ್ತ ಬಂದಳು. ಕಂಕುಳಲ್ಲಿ ಕಂಬಳಿಯ ತುಂಡಿನಲ್ಲಿ ಸುತ್ತಿ, ಹುರಿಯಿಂದ ಕಟ್ಟಿದ ಒಂದು ಗಂಟು. ಬಿಚ್ಚಿದರೆ ಮೊಲದ ಮುಖಪುಟದ ಆ ಪುಸ್ತಕ.

"ಇಷ್ಟು ವರ್ಷ ಕಟ್ಟಿಹಾಕಿದ್ದೆ ಕಣವ್ವ" ಎಂದಳು. "ಬಿಟ್ರೆ ಇನ್ನೊಬ್ಬರ ಮಂದೆಗೆ ಹೋಗ್ತಿತ್ತಲ್ಲ. ಈಗ ನೀನು ಹೊಂಟೆ. ನಿನ್ ಮ್ಯಾಲೆ ಮಾತು ಬರಬಾರ್ದು."

ನನಗೆ ನಗು ಬಂತು, ಅಳುವೂ ಬಂತು. ಅಭ್ಯಾಸಬಲದಿಂದ ಪುಸ್ತಕ ಬಿಡಿಸಿ ಕೊಡವಿದೆ. ಏನೂ ಬೀಳಲಿಲ್ಲ. ಕೊನೆಯ ಪುಟ ನೋಡಿದೆ, ಹದಿನಾರನೇ ಪುಟ ನೋಡಿದೆ. ಒಂದು ಉಣ್ಣೆಯ ಎಳೆಯೂ ಇಲ್ಲ. ಗಂಗಜ್ಜಿಯಿಂದ ನನಗೆ ಬಂದ ಮೊದಲ ಬರೀ ಪುಸ್ತಕ ಅದು. ಮುಖ ಸಣ್ಣದು ಮಾಡಿಕೊಂಡೆನೇನೋ, ಅವಳು ನನ್ನ ಮೊಣಕೈ ಹಿಡಿದುಕೊಂಡಳು.

"ಬೇಕಂತ್ಲೇ ಬರೇದು ಕೊಟ್ಟೀನಿ. ಇಕ್ಕಿ ಕೊಟ್ರೆ ಮುಗೀತಲ್ಲ. ನಿಂದು ಒಂದು ಹಿಡಿ ಶೇಂಗಾ ನಮ್ ಮನೇಲಿ ಉಳಕಂಡೈತೆ. ಇಸ್ಕಳ್ಳಾಕೆ ಬರ್ಬೇಕು ನೀನು."

ಹಿರಿಯೂರಿನ ಕೆಲಸದ ನಡುವೆಯೂ ವರ್ಷಕ್ಕೆ ಒಂದೆರಡು ಸಲ ನಾನು ಹೊಳಲ್ಕೆರೆಗೆ ಹೋಗುತ್ತೇನೆ. ಮೊದಲು ಬೀರುವಿನ ಬಾಗಿಲು ತೆಗೆದು ಅದು ಕೂಗುವುದನ್ನು ಕೇಳಿ, ಅಲ್ಲಿಂದ ಹಟ್ಟಿಗೆ ನಡೆಯುತ್ತೇನೆ. ಗಂಗಜ್ಜಿಗೆ ಈಗ ಕಣ್ಣು ಮಂಜು. ನನ್ನ ದನಿ ಕೇಳಿದ ಕೂಡಲೇ ತಡವರಿಸುತ್ತ ಒಳಗೆ ಹೋಗಿ, ಹಿಡಿ ಶೇಂಗಾ ತಂದು ನನ್ನ ಮುಂದೆ ಚಾಚುತ್ತಾಳೆ. ಅವಳ ಬೆರಳುಗಳನ್ನು ನಾನೇ ಮಡಚಿ ಮುಚ್ಚಿ, "ಇವತ್ತು ಬೇಡಜ್ಜಿ, ಮುಂದಿನ ಸಲ ಬಂದಾಗ ಇಸ್ಕೋತೀನಿ" ಎನ್ನುತ್ತೇನೆ.